ಟೀಮ್ ಫೋರ್ಟ್ರೆಸ್ 2: ರೋಮರ್ ಸೋಲ್ಜರ್‌ಗೆ ನಾನು ಆಯುಧ ಆರಿಸಿಕೊಂಡ ಬಗೆ

ಟೀಮ್ ಫೋರ್ಟ್ರೆಸ್ 2 ಎಂಬ ಶೂಟಿಂಗ್ ಆಟದಲ್ಲಿ ಸೋಲ್ಜರ್, ಅಂದರೆ ರಾಕೆಟ್ ಲಾಂಚರ್ ಹಿಡಿಯುವ ಪಾತ್ರ, ಆಡುವವರು ಮೊದಲು ಕೇಳುವ ಪ್ರಶ್ನೆ ಒಂದೇ. ಯಾವ ಗನ್ ಜಾಸ್ತಿ ಡ್ಯಾಮೇಜ್ ಕೊಡುತ್ತದೆ? ಪಬ್ಲಿಕ್ ಸರ್ವರ್‌ನಲ್ಲಿ ಸುಮ್ನೆ ಖುಷಿಗೆ ಆಡುವಾಗ ಅಷ್ಟು ಸಾಕು. ತಂಡ ಕಟ್ಟಿಕೊಂಡು ಲೀಗ್‌ಗೆ ಇಳಿದ ಮೇಲೆ ನಾನು ಬೇರೆ ಪ್ರಶ್ನೆ ಕೇಳಿಕೊಳ್ಳಲು ಶುರು ಮಾಡಿದೆ. ಈ ಆಯುಧ ಹಿಡಿದರೆ ನಮ್ಮ ಮೆಡಿಕ್‌ನ (ತಂಡದವರ ಹೆಲ್ತ್ ತುಂಬಿಸುವವನು) ಎಷ್ಟು ಸೆಕೆಂಡ್ ನನಗೇ ಖರ್ಚಾಗುತ್ತದೆ? ನನ್ನ ಲೋಡ್‌ಔಟ್, ಅಂದರೆ ಆರಿಸಿಕೊಂಡ ಆಯುಧಗಳ ಜೋಡಣೆ, ಪೂರ್ತಿ ನಿಂತಿರುವುದು ಈ ಲೆಕ್ಕದ ಮೇಲೆ.

ಹೊಸಬರಿಗಾಗಿ ಎರಡು ಮಾತು. 2007ರಲ್ಲಿ ಬಂದ ಈ ಆಟದಲ್ಲಿ ಒಂಬತ್ತು ಕ್ಲಾಸ್‌ಗಳಿವೆ, ಅಂದರೆ ಒಂಬತ್ತು ಬಗೆಯ ಪಾತ್ರಗಳು. ಲೀಗ್‌ಗಳಲ್ಲಿ ಹೆಚ್ಚು ನಡೆಯುವುದು ಸಿಕ್ಸಸ್, ಅಂದರೆ ಆರು ಜನರ ಎದುರು ಆರು ಜನ. ಸಾಮಾನ್ಯವಾಗಿ ಇಬ್ಬರು ಸ್ಕೌಟ್ (ವೇಗವಾಗಿ ಓಡುವವರು), ಇಬ್ಬರು ಸೋಲ್ಜರ್, ಒಬ್ಬ ಡೆಮೊಮ್ಯಾನ್ (ಸಿಡಿಗುಂಡು ಹಾರಿಸುವವನು, ಚಿಕ್ಕದಾಗಿ ಡೆಮೊ), ಒಬ್ಬ ಮೆಡಿಕ್ ಇರುತ್ತಾರೆ. ಸೋಲ್ಜರ್‌ಗಳಲ್ಲಿ ಒಬ್ಬ ಪಾಕೆಟ್. ಅವನು ಮೆಡಿಕ್ ಪಕ್ಕದಲ್ಲೇ ಇದ್ದು ಅವನನ್ನು ಕಾಯುತ್ತಾನೆ. ಇನ್ನೊಬ್ಬ ರೋಮರ್. ಅವನು ಫ್ಲಾಂಕ್ (ಬದಿಯ ದಾರಿ) ಹಿಡಿದು, ಸಮಯ ನೋಡಿ ತನ್ನ ಕಾಲ ಬಳಿಯೇ ರಾಕೆಟ್ ಸಿಡಿಸಿ ಹಾರಿ ಎದುರಾಳಿಗಳ ನಡುವೆ ಬೀಳುತ್ತಾನೆ. ಅದಕ್ಕೆ ಬಾಂಬ್ ಮಾಡುವುದು ಎನ್ನುತ್ತೇವೆ. ನಾನು ರೋಮರ್.

ಆಯುಧಕ್ಕೆ ಕೈ ಹಾಕುವ ಮುಂಚೆ ಲೀಗ್‌ನ ವೈಟ್‌ಲಿಸ್ಟ್, ಅಂದರೆ ಒಪ್ಪಿಗೆ ಇರುವ ಆಯುಧಗಳ ಪಟ್ಟಿ, ತೆರೆದು ನೋಡಿ. ಯುರೋಪಿನ ಇಟಿಎಫ್2ಎಲ್, ಉತ್ತರ ಅಮೆರಿಕದ ಆರ್‌ಜಿಎಲ್, ಆಸ್ಟ್ರೇಲಿಯಾದ ಓಝ್‌ಫೋರ್ಟ್ರೆಸ್, ಎಲ್ಲರದ್ದೂ ಬೇರೆ ಬೇರೆ ಪಟ್ಟಿ. ಸಿಕ್ಸಸ್‌ಗೆ ಒಂದು, ಹೈಲ್ಯಾಂಡರ್‌ಗೆ (ಒಂಬತ್ತು ಜನರ ಆಟ) ಇನ್ನೊಂದು. ಪಟ್ಟಿಯಲ್ಲಿ ಒಪ್ಪಿಗೆ ಇಲ್ಲದ ಆಯುಧ ಹಾಕಿಕೊಂಡು ಹೋದರೆ ಸರ್ವರ್ ಅದನ್ನು ತೆಗೆದು ಸ್ಟಾಕ್, ಅಂದರೆ ಆಟದ ಜೊತೆ ಮೊದಲೇ ಬರುವ ಮಾಮೂಲಿ ಆಯುಧ, ಕೈಗೆ ಕೊಡುತ್ತದೆ. ಮ್ಯಾಚ್ ಮಧ್ಯೆ ಅದು ಗೊತ್ತಾಗುವುದು ಬೇಡ. ಇನ್ನೊಂದು ವಿಷಯ, ಲೀಗ್ ಸರ್ವರ್‌ಗಳಲ್ಲಿ ರ‍್ಯಾಂಡಮ್ ಕ್ರಿಟ್ (ಅದೃಷ್ಟದ ಮೇಲೆ ಬೀಳುವ ಜೋರಾದ ಏಟು) ಇರುವುದಿಲ್ಲ, ಶಾಟ್‌ಗನ್ ಚರೆಗಳು ಪ್ರತಿ ಸಲ ಒಂದೇ ವಿನ್ಯಾಸದಲ್ಲಿ ಹೋಗುತ್ತವೆ. ಹಾಗಾಗಿ ಪಬ್ಲಿಕ್ ಸರ್ವರ್‌ನ ಅನುಭವದಿಂದ ಆಯುಧ ಅಳೆಯಬೇಡಿ.

ಪ್ರೈಮರಿ, ಅಂದರೆ ಮೊದಲ ಸ್ಲಾಟ್‌ನ ಮುಖ್ಯ ಆಯುಧ, ಆರಿಸುವುದು ನನಗೆ ಕಷ್ಟವಾಗಲಿಲ್ಲ. ಸ್ಟಾಕ್ ರಾಕೆಟ್ ಲಾಂಚರ್‌ನಲ್ಲಿ 4 ರಾಕೆಟ್ ಇರುತ್ತವೆ. ಬ್ಲ್ಯಾಕ್ ಬಾಕ್ಸ್ ಅನ್ನೋ ಇನ್ನೊಂದು ಲಾಂಚರ್‌ನಲ್ಲಿ 3. ಬ್ಲ್ಯಾಕ್ ಬಾಕ್ಸ್‌ನಿಂದ ಎದುರಾಳಿಗೆ ಹೊಡೆದಾಗ 20ರವರೆಗೆ ಹೆಲ್ತ್ ವಾಪಸ್ ಬರುತ್ತದೆ ಅನ್ನುವುದು ನಿಜ, ಓದಲು ಚೆನ್ನಾಗಿದೆ. ಆದರೆ ರೋಮರ್ ಹಾರುವುದಕ್ಕೇ ಒಂದೆರಡು ರಾಕೆಟ್ ಖರ್ಚು ಮಾಡುತ್ತಾನೆ. ನಾಲ್ಕರಲ್ಲಿ ಎರಡು ಹೋದರೆ ಎರಡು ಉಳಿಯುತ್ತವೆ. ಮೂರರಲ್ಲಿ ಎರಡು ಹೋದರೆ ಒಂದೇ. ಒಂದು ರಾಕೆಟ್ ಇಟ್ಟುಕೊಂಡು 150 ಹೆಲ್ತ್ ಇರುವ ಮೆಡಿಕ್ ಮೇಲೆ ಬಿದ್ದರೆ ಏನಾಗುತ್ತದೆ ಹೇಳಿ? ಹತ್ತಿರದಿಂದ ನೇರ ತಗುಲಿದರೂ ರಾಕೆಟ್‌ನ ಡ್ಯಾಮೇಜ್ ಸುಮಾರು 112. ಮೆಡಿಕ್ ಸಾಯುವುದಿಲ್ಲ, ನಾನು ಸಾಯುತ್ತೇನೆ.

ಸ್ಟಾಕ್ ಜೊತೆಗೆ ದಿ ಒರಿಜಿನಲ್ ಅನ್ನೋ ಲಾಂಚರ್ ಇದೆ. ಅಂಕಿಗಳೆಲ್ಲ ಒಂದೇ. ವ್ಯತ್ಯಾಸ ಇರುವುದು ರಾಕೆಟ್ ಹೊರಡುವ ಜಾಗದಲ್ಲಿ. ಸ್ಟಾಕ್‌ನಲ್ಲಿ ರಾಕೆಟ್ ಬಲಗಡೆಯಿಂದ ಬರುತ್ತದೆ, ಒರಿಜಿನಲ್‌ನಲ್ಲಿ ನಡುವಿನಿಂದ. ಇದು ಚಿಕ್ಕ ವಿಷಯ ಅನ್ನಿಸಬಹುದು. ಬಲಕ್ಕೆ ಗೋಡೆ ಒತ್ತಿಕೊಂಡು ನಿಂತು ಮೂಲೆಯಿಂದ ಹೊಡೆದು ನೋಡಿ. ಸ್ಟಾಕ್‌ನಲ್ಲಿ ಕ್ರಾಸ್‌ಹೇರ್ ಎದುರಾಳಿ ಮೇಲೇ ಇದ್ದರೂ ರಾಕೆಟ್ ಪಕ್ಕದ ಗೋಡೆಗೆ ತಗುಲಿ ನಿಮ್ಮ ಮುಖದ ಮುಂದೆಯೇ ಸಿಡಿಯಬಹುದು. ಎಡಗಡೆಯ ಗೋಡೆಗೆ ಈ ತೊಂದರೆ ಇಲ್ಲ. ನಾನು ಖಾಲಿ ಸರ್ವರ್‌ನಲ್ಲಿ ಪ್ರೋಸೆಸ್ ಮ್ಯಾಪ್ ಹಾಕಿಕೊಂಡು, ನಾನು ದಿನಾ ನಿಲ್ಲುವ ಮೂಲೆಗಳಿಂದ ಎರಡೂ ಲಾಂಚರ್ ಹೊಡೆದು ನೋಡಿದೆ. ಎರಡೂ ಕಡೆ ಒಂದೇ ತರಹ ಹೋಗುವುದು ನನ್ನ ಕೈಗೆ ಒಗ್ಗಿತು. ಅದಕ್ಕೆ ಒರಿಜಿನಲ್. ನಮ್ಮ ಪಾಕೆಟ್ ಸ್ಟಾಕ್ ಬಿಡುವುದೇ ಇಲ್ಲ. ಇಬ್ಬರದ್ದೂ ಸರಿಯೇ.

ಈಗ ನಿಜವಾದ ಪ್ರಶ್ನೆ. ಎರಡನೇ ಸ್ಲಾಟ್‌ಗೆ ಶಾಟ್‌ಗನ್ನೋ, ಗನ್‌ಬೋಟ್ಸೋ?

ಗನ್‌ಬೋಟ್ಸ್ ಅನ್ನೋದು ಗನ್ ಅಲ್ಲ, ಬೂಟು. 2009ರ ಡಿಸೆಂಬರ್‌ನಲ್ಲಿ ಸೋಲ್ಜರ್ ಮತ್ತು ಡೆಮೊಮ್ಯಾನ್ ನಡುವೆ ನಡೆದ ಸ್ಪರ್ಧೆಯಲ್ಲಿ ಸೋಲ್ಜರ್ ಗೆದ್ದಿದ್ದಕ್ಕೆ ಸಿಕ್ಕ ಬಹುಮಾನ ಅದು. ಕೆಲಸ ಒಂದೇ. ರಾಕೆಟ್ ಜಂಪ್ ಮಾಡಿದಾಗ ನಮಗೆ ನಾವೇ ಮಾಡಿಕೊಳ್ಳುವ ಡ್ಯಾಮೇಜನ್ನು ಶೇಕಡಾ 60ರಷ್ಟು ಇಳಿಸುತ್ತದೆ. ಅದಕ್ಕಾಗಿ ಒಂದು ಇಡೀ ಆಯುಧ ಬಿಟ್ಟುಕೊಡಬೇಕು. ರಾಕೆಟ್ ಮುಗಿದರೆ ಕೈಯಲ್ಲಿ ಉಳಿಯುವುದು ಸಲಿಕೆ ಮಾತ್ರ. ಪೂರ್ತಿ ರೀಲೋಡ್ ಆಗಲು ಮೂರು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಸ್ಕೌಟ್ ಎದುರು ನಿಂತಾಗ ಆ ಮೂರು ಸೆಕೆಂಡ್ ತುಂಬಾ ದೊಡ್ಡದು.

ಲೆಕ್ಕ ಹೀಗಿದೆ. ನಾನು 200 ಹೆಲ್ತ್‌ನಲ್ಲಿ ಎರಡು ಸಲ ಹಾರಿ ಎದುರಾಳಿ ಮೆಡಿಕ್ ಹತ್ತಿರ ಬೀಳುತ್ತೇನೆ ಎಂದುಕೊಳ್ಳಿ. ಬೂಟು ಇಲ್ಲದೆ ಎರಡು ಜಿಗಿತಕ್ಕೆ ಸುಮಾರು 80 ಹೋಗುತ್ತದೆ. 120ರಲ್ಲಿ ಇಳಿಯುತ್ತೇನೆ. ಅವರ ಪಾಕೆಟ್ ಹತ್ತಿರದಿಂದ ಒಂದು ರಾಕೆಟ್ ಕೊಟ್ಟರೆ 8 ಉಳಿಯುತ್ತದೆ. ಬೂಟು ಇದ್ದರೆ ಅದೇ ಜಿಗಿತಕ್ಕೆ 32 ಮಾತ್ರ. 168ರಲ್ಲಿ ಇಳಿಯುತ್ತೇನೆ, ಅದೇ ರಾಕೆಟ್ ತಿಂದ ಮೇಲೂ 56 ಇರುತ್ತದೆ. ಆ 56ರಲ್ಲಿ ಇನ್ನೊಂದು ರಾಕೆಟ್ ಹೊಡೆಯಬಹುದು, ಇಲ್ಲವೇ ವಾಪಸ್ ಹಾರಬಹುದು. ಎದುರಾಳಿ ಮೆಡಿಕ್ ಎರಡು ಸೆಕೆಂಡ್ ಹಿಂದಕ್ಕೆ ಓಡಿದರೂ ನನಗೆ ಲಾಭ. ಅಷ್ಟು ಹೊತ್ತಿನಲ್ಲಿ ನಮ್ಮವರು ಚೋಕ್ (ಇಕ್ಕಟ್ಟಾದ ದಾರಿ) ದಾಟಿರುತ್ತಾರೆ.

ಆದರೆ ನನ್ನನ್ನು ಒಪ್ಪಿಸಿದ್ದು ಇದಕ್ಕಿಂತ ಹೆಚ್ಚಾಗಿ ರೋಲೌಟ್. ಮ್ಯಾಚ್ ಶುರುವಾದ ತಕ್ಷಣ ಎಲ್ಲರೂ ಮಿಡ್‌ಗೆ, ಅಂದರೆ ಎರಡೂ ತಂಡ ಹಿಡಿಯಲು ನೋಡುವ ನಡುವಿನ ಪಾಯಿಂಟ್‌ಗೆ, ಓಡುತ್ತಾರಲ್ಲ, ಆಗ ಮೆಡಿಕ್‌ನ ಗಮನವೆಲ್ಲ ಡೆಮೊ ಮತ್ತು ಪಾಕೆಟ್ ಮೇಲೆ. ರೋಮರ್‌ಗೆ ಏನೂ ಸಿಗುವುದಿಲ್ಲ, ಸಿಗಲೂಬಾರದು. ಮೆಡಿ ಗನ್ ಆಗಷ್ಟೇ ಏಟು ತಿಂದವನಿಗೆ ಕೊಡುವುದು ಸೆಕೆಂಡಿಗೆ 24 ಹೆಲ್ತ್. ನಾನು ಹಾರಿ ಹಾರಿ 100 ಕಳೆದುಕೊಂಡು ಮಿಡ್ ತಲುಪಿ "ಹೀಲ್ ಕೊಡು" ಎಂದರೆ ನಾಲ್ಕು ಸೆಕೆಂಡಿಗೂ ಜಾಸ್ತಿ ಮೆಡಿ ಗನ್‌ನ ಕಿರಣ, ಅಂದರೆ ಬೀಮ್, ನನ್ನ ಮೇಲಿರಬೇಕು. ಅಷ್ಟೂ ಹೊತ್ತು ಡೆಮೊ ಒಬ್ಬನೇ. ಗನ್‌ಬೋಟ್ಸ್ ಹಾಕಿದಾಗ ನಾನು ಕೇಳುವುದೇ ಕಡಿಮೆ. ನಮ್ಮ ಮೆಡಿಕ್ ಇದನ್ನು ನನಗಿಂತ ಚೆನ್ನಾಗಿ ಹೇಳಿದ. "ಬೂಟು ಹಾಕ್ಕೊಂಡು ಬಂದ್ರೆ ನಿಂಗೆ ದೂರದಿಂದ ಒಂದು ಬಾಣ ಸಾಕು ಗುರು, ಬೀಮ್ ತಿರುಗ್ಸೋದೇ ಬೇಡ." ಬಾಣ ಅಂದರೆ ಕ್ರುಸೇಡರ್ಸ್ ಕ್ರಾಸ್‌ಬೋ ಎಂಬ ಮೆಡಿಕ್‌ನ ಬಿಲ್ಲಿನದು. ದೂರ ಹೆಚ್ಚಿದಷ್ಟೂ ಜಾಸ್ತಿ ಹೀಲ್, 75ರಿಂದ 150ರವರೆಗೆ. ಫ್ಲಾಂಕ್‌ನಲ್ಲಿ ದೂರ ನಿಂತಿರುವ ರೋಮರ್‌ಗೆ ಅಂತಲೇ ಮಾಡಿದ ಹಾಗಿದೆ.

ಗನ್‌ಬೋಟ್ಸ್ ವಿವರಣೆಯಲ್ಲಿ ಎದ್ದು ಕಾಣದ ಎರಡು ವಿಷಯಗಳಿವೆ. ಎತ್ತರದಿಂದ ಬಿದ್ದಾಗ ಆಗುವ ಡ್ಯಾಮೇಜ್ ಇದರಿಂದ ಕಡಿಮೆಯಾಗುವುದಿಲ್ಲ. ಹಾಗೆಯೇ, ನಿಮ್ಮ ಜಿಗಿತದ ರಾಕೆಟ್ ಪಕ್ಕದಲ್ಲಿದ್ದ ಎದುರಾಳಿಗೂ ತಗುಲಿದರೆ ಆ 60ರ ರಿಯಾಯಿತಿ ಸಿಗುವುದಿಲ್ಲ, ಪೂರ್ತಿ ಏಟು ನಿಮಗೇ. ಸ್ಕೌಟ್ ಮೈಮೇಲೆ ಬಿದ್ದಿರುವಾಗ ಹಾರಿ ತಪ್ಪಿಸಿಕೊಳ್ಳುವವರು ಇದನ್ನು ಗಮನದಲ್ಲಿ ಇಟ್ಟುಕೊಂಡಿರಬೇಕು.

ಹಾಗಾದರೆ ಶಾಟ್‌ಗನ್ ಯಾವಾಗ? ನನ್ನ ಮಟ್ಟಿಗೆ, ನಾನು ಹಾರದೇ ಇರುವ ಹೊತ್ತಿನಲ್ಲಿ. ಕೊನೆಯ ಪಾಯಿಂಟ್ ಉಳಿಸಿಕೊಳ್ಳುವಾಗ ಎದುರಾಳಿಗಳೇ ನಮ್ಮ ಕಡೆ ಬರುತ್ತಾರೆ. ನಾನು ಎಲ್ಲಿಗೂ ಹಾರಬೇಕಿಲ್ಲ. ಆಗ ಬೂಟಿಗೆ ಕೆಲಸವಿಲ್ಲ, ಆರು ಗುಂಡಿನ ಶಾಟ್‌ಗನ್‌ಗೆ ತುಂಬಾ ಕೆಲಸವಿದೆ. ಸ್ಕೌಟ್‌ಗೆ ಇರುವುದು 125 ಹೆಲ್ತ್. ಅವನ ಕಾಲ ಬಳಿ ರಾಕೆಟ್ ಹೊಡೆದು ಗಾಳಿಗೆ ಎಬ್ಬಿಸಿ, ಅವನು ಕೆಳಗೆ ಬೀಳುವ ಮುಂಚೆ ಶಾಟ್‌ಗನ್ ಕೊಡುವುದು ಸೋಲ್ಜರ್‌ನ ಹಳೆಯ, ಚೊಕ್ಕ ಜೋಡಿ. ಹತ್ತಿರದಿಂದ ಎಲ್ಲ ಚರೆ ತಗುಲಿದರೆ ಶಾಟ್‌ಗನ್ 90 ಕೊಡುತ್ತದೆ. ನಮ್ಮ ಪಾಕೆಟ್ ಕೂಡ ಕೆಲವು ಮ್ಯಾಪ್‌ನಲ್ಲಿ ಶಾಟ್‌ಗನ್ ಹಿಡಿಯುತ್ತಾನೆ. ಅವನ ಲೆಕ್ಕವೇ ಬೇರೆ, ಮೆಡಿಕ್ ಹೇಗೂ ಅವನ ಪಕ್ಕದಲ್ಲೇ ಇರುತ್ತಾನಲ್ವಾ. ಅವನ ಕೆಲಸ ಆ ಮೆಡಿಕ್ ಮೇಲೆ ನುಗ್ಗುವ ಸ್ಕೌಟ್‌ಗಳನ್ನು ಹೊಡೆಯುವುದು. ಪ್ರಾಡಕ್ಟ್‌ನಂಥ ಕಿಂಗ್ ಆಫ್ ದ ಹಿಲ್ ಮ್ಯಾಪ್‌ನಲ್ಲಿ ಜಗಳವೆಲ್ಲ ನಡುವಿನ ಒಂದೇ ಪಾಯಿಂಟ್ ಸುತ್ತ. ಅಲ್ಲಿ ನಾನು ಇಬ್ಬರು ಸೋಲ್ಜರ್‌ಗಳಲ್ಲಿ ಒಬ್ಬರಾದರೂ ಶಾಟ್‌ಗನ್ ಹಿಡಿಯಲಿ ಅನ್ನುವವನು.

ಎರಡನೇ ಸ್ಲಾಟ್‌ಗೇ ಬರುವ, ತಂಡಕ್ಕೆ ಬಲ ಕೊಡುವ ಬಫ್ ಬ್ಯಾನರ್‌ನಂಥ ಬಾವುಟಗಳನ್ನು ನಾನು ಬೇಗ ಪಕ್ಕಕ್ಕಿಟ್ಟೆ. ಅದು ತುಂಬಲು 600 ಡ್ಯಾಮೇಜ್ ಮಾಡಬೇಕು, ಸತ್ತರೆ ತುಂಬಿದ್ದೆಲ್ಲ ಹೋಯಿತು. ರೋಮರ್‌ನ ಕೆಲಸದಲ್ಲಿ ಸಾಯುವುದೂ ಒಂದು ಭಾಗ.

ಮೂರನೇ ಸ್ಲಾಟ್, ಅಂದರೆ ಹತ್ತಿರದಿಂದ ಬೀಸುವ ಆಯುಧಕ್ಕೆ, ಎಸ್ಕೇಪ್ ಪ್ಲಾನ್ ಎಂಬ ಗುದ್ದಲಿ. 2012ರ ಜೂನ್‌ನಲ್ಲಿ ಈಕ್ವಲೈಜರ್ ಎಂಬ ಗುದ್ದಲಿಯನ್ನು ಎರಡಾಗಿ ಒಡೆದಾಗ, ಡ್ಯಾಮೇಜ್ ಹಳೆಯದರಲ್ಲೇ ಉಳಿಯಿತು, ವೇಗ ಇದಕ್ಕೆ ಬಂತು. ಹೆಲ್ತ್ ಇಳಿದಷ್ಟೂ ಓಟ ಹೆಚ್ಚುತ್ತದೆ. 40 ಅಥವಾ ಅದಕ್ಕಿಂತ ಕೆಳಗೆ ಬಂದರೆ ಶೇಕಡಾ 60 ಜಾಸ್ತಿ, ಹೆಚ್ಚುಕಡಿಮೆ ಸ್ಕೌಟ್‌ನ ವೇಗ. ಮೈನವಿರೇಳಿಸುವ ಆಯುಧ ಇದು. ಬೆಲೆಯೂ ಇದೆ. ಕೈಯಲ್ಲಿ ಇರುವಷ್ಟು ಹೊತ್ತು ಬಿದ್ದ ಏಟೆಲ್ಲ ಮಿನಿ ಕ್ರಿಟ್, ಅಂದರೆ ಶೇಕಡಾ 35 ಜಾಸ್ತಿ. ಮೆಡಿಕ್ ಹೀಲ್ ಶೇಕಡಾ 90 ಕಡಿಮೆ. ಹಾಗಾಗಿ ಗುದ್ದಲಿ ಹಿಡಿದೇ ಮೆಡಿಕ್ ಮುಂದೆ ಬಂದು ನಿಂತರೆ ಅವನ ಬೀಮ್ ದಂಡ. ನಾನು ರೂಢಿ ಮಾಡಿಕೊಂಡಿದ್ದು ಇಷ್ಟು: ಜಾಗ ಬಿಡುವಾಗ ತೆಗೆ, ಮೊದಲ ಮೂಲೆ ತಿರುಗಿದ ಕೂಡಲೇ ಲಾಂಚರ್‌ಗೆ ಬಾ, ರೀಲೋಡ್ ಮಾಡುತ್ತಾ ಹೀಲ್ ತಗೋ. ಬೆರಳಿಗೆ ಇದು ಬರುವವರೆಗೂ ಖಾಲಿ ಸರ್ವರ್‌ನಲ್ಲಿ ಗಲ್ಲಿವಾಶ್ ಮ್ಯಾಪ್‌ನ ದಾರಿಗಳಲ್ಲಿ ಓಡುತ್ತಿದ್ದೆ.

ಆರಿಸಿದ್ದು ಸರಿಯೋ ಇಲ್ಲವೋ ನೋಡಲು ನಾನು ಡ್ಯಾಮೇಜ್ ಅಂಕಿಯನ್ನು ಮೊದಲು ನೋಡುವುದಿಲ್ಲ. ಪ್ರಾಕ್ಟೀಸ್ ಮ್ಯಾಚ್ ಮುಗಿದ ಮೇಲೆ ಮ್ಯಾಚ್‌ನ ಅಂಕಿಗಳನ್ನು ತೋರಿಸುವ ಲಾಗ್ಸ್.ಟಿಎಫ್ ತಾಣ ತೆರೆದು ಮೆಡಿಕ್‌ನ ಹೀಲ್ ಯಾರಿಗೆ ಎಷ್ಟು ಹೋಗಿದೆ ಎಂದು ನೋಡುತ್ತೇನೆ. ರೋಮರ್‌ನ ಪಾಲು ಪಾಕೆಟ್ ಮತ್ತು ಡೆಮೊಗಿಂತ ಸಾಕಷ್ಟು ಕೆಳಗಿರಬೇಕು. ಆಮೇಲೆ ಮ್ಯಾಚ್‌ನ ರೆಕಾರ್ಡಿಂಗ್ ಹಾಕಿ ನನ್ನ ಸಾವುಗಳನ್ನು ಮಾತ್ರ ನೋಡುತ್ತೇನೆ. ರಾಕೆಟ್ ಖಾಲಿಯಾಗಿ ಸತ್ತೆನಾ, ಹೆಲ್ತ್ ಕಡಿಮೆಯಾಗಿ ಸತ್ತೆನಾ? ಮೊದಲನೆಯದು ಜಾಸ್ತಿ ಇದ್ದರೆ ಆ ಮ್ಯಾಪ್‌ಗೆ ಶಾಟ್‌ಗನ್ ಯೋಚಿಸುತ್ತೇನೆ. ಎರಡನೆಯದಾದರೆ ಬೂಟೇ ಇರಲಿ. ಒಮ್ಮೆಗೆ ಒಂದೇ ಸ್ಲಾಟ್ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ.

ಹೈಲ್ಯಾಂಡರ್‌ನಲ್ಲಿ, ಅಂದರೆ ಪ್ರತಿ ಕ್ಲಾಸ್‌ಗೆ ಒಬ್ಬರಂತೆ ಒಂಬತ್ತು ಜನರ ಆಟದಲ್ಲಿ, ಲೆಕ್ಕ ಸ್ವಲ್ಪ ತಿರುಗುತ್ತದೆ. ಅಲ್ಲಿ ಎಂಜಿನಿಯರ್‌ನ ಸೆಂಟ್ರಿ, ಅಂದರೆ ತಾನಾಗಿಯೇ ಗುಂಡು ಹಾರಿಸುವ ಗನ್, ಯಾವಾಗಲೂ ಇರುತ್ತದೆ. ಮೂರನೇ ಹಂತದ ಸೆಂಟ್ರಿಗೆ 216 ಹೆಲ್ತ್. ಮಾಮೂಲಿ ರಾಕೆಟ್ 90ರಂತೆ ಮೂರು ಬೇಕು, ಡೈರೆಕ್ಟ್ ಹಿಟ್ ಎಂಬ ಲಾಂಚರ್ ಆದರೆ 112ರಂತೆ ಎರಡೇ ಸಾಕು. ವೈಟ್‌ಲಿಸ್ಟ್ ಬಿಟ್ಟರೆ ಆ ಒಂದು ಕೆಲಸಕ್ಕೆ ಅದನ್ನು ಹಿಡಿಯುತ್ತೇನೆ. ಅದರ ಸ್ಪ್ಲ್ಯಾಶ್ (ಸಿಡಿತ ತಾಗುವ ಸುತ್ತಳತೆ) ತುಂಬಾ ಚಿಕ್ಕದು, ಹಾಗಾಗಿ ಸೆಂಟ್ರಿ ಬಿದ್ದ ಮೇಲೆ ಅದನ್ನೇ ಹಿಡಿದು ಕೂರುವುದಿಲ್ಲ. ಡಿಸಿಪ್ಲಿನರಿ ಆಕ್ಷನ್ ಅನ್ನೋ ಚಾಟಿಗೂ ಅಲ್ಲಿ ಜಾಗವಿದೆ. ನಿಧಾನಕ್ಕೆ ನಡೆಯುವ ನಮ್ಮದೇ ತಂಡದ ಹೆವಿಗೆ ಒಂದು ಏಟು ಕೊಟ್ಟರೆ ಇಬ್ಬರಿಗೂ ಕೆಲವು ಸೆಕೆಂಡ್ ವೇಗ ಸಿಗುತ್ತದೆ.

ಇಷ್ಟೆಲ್ಲ ಬದಲಾವಣೆಗೆ ಮೆನು ತೆರೆದು ಹುಡುಕುತ್ತಾ ಕೂರಲು ಆಗುವುದಿಲ್ಲ. ಪ್ರತಿ ಕ್ಲಾಸ್‌ಗೆ ಎ, ಬಿ, ಸಿ, ಡಿ ಎಂದು ನಾಲ್ಕು ಪ್ರಿಸೆಟ್ ಇಡಬಹುದು. ನನ್ನ ಎ ಒರಿಜಿನಲ್, ಗನ್‌ಬೋಟ್ಸ್, ಎಸ್ಕೇಪ್ ಪ್ಲಾನ್. ಬಿಯಲ್ಲಿ ಬೂಟಿನ ಬದಲು ಶಾಟ್‌ಗನ್. ಸಿ, ಡಿ ಎರಡೂ ಹೈಲ್ಯಾಂಡರ್‌ಗೆ. ಲೋಡ್_ಐಟಮ್‌ಪ್ರಿಸೆಟ್ ಎಂಬ ಕಮಾಂಡನ್ನು 0ರಿಂದ 3ರವರೆಗಿನ ಸಂಖ್ಯೆ ಜೊತೆ ಕೀಗಳಿಗೆ ಬೈಂಡ್ ಮಾಡಿಟ್ಟಿದ್ದೇನೆ. ಎರಡನೇ ಪಾಯಿಂಟ್ ಕೈತಪ್ಪಿ ಲಾಸ್ಟ್‌ಗೆ, ಅಂದರೆ ಕೊನೆಯ ಪಾಯಿಂಟ್‌ಗೆ, ಬಂದ ಕೂಡಲೇ ಸ್ಪಾನ್ ರೂಮಿಗೆ (ಸತ್ತವರು ಮತ್ತೆ ಹುಟ್ಟುವ ಕೋಣೆ) ಓಡಿ ಬಿ ಒತ್ತುತ್ತೇನೆ. ನಮ್ಮ ಮೆಡಿಕ್‌ಗೆ "ಶಾಟ್‌ಗನ್ ಹಿಡಿದೆ, ನಾನು ಇಲ್ಲೇ ಇರ್ತೀನಿ" ಎಂದು ಹೇಳುತ್ತೇನೆ. ಉಬರ್ (ಮೆಡಿಕ್ ತುಂಬಿಸಿಕೊಳ್ಳುವ, ಕೆಲವು ಸೆಕೆಂಡ್ ಏಟು ತಾಗದಂತೆ ಮಾಡುವ ಶಕ್ತಿ) ಬಂದು ಮತ್ತೆ ಹೊರಗೆ ನುಗ್ಗುವ ಮುಂಚೆ, ಸಾಧ್ಯವಾದರೆ ಎ.