ಪಾಪ್ ಹಾಡು ಪಂಕ್ ಆಗದೆ ಸತಾಯಿಸಿದಾಗ: ನನ್ನ ಅನುಭವ

104 ಬಿಪಿಎಂನ (ನಿಮಿಷಕ್ಕೆ 104 ಬೀಟ್) ಪಾಪ್ ಹಾಡೊಂದನ್ನು ಪಂಕ್ ಕವರ್ ಮಾಡಹೊರಟಿದ್ದೆ, ಅಂದರೆ ಅದನ್ನೇ ವೇಗದ, ಒರಟು ರಾಕ್ ಶೈಲಿಯಲ್ಲಿ ಮತ್ತೆ ನುಡಿಸುವುದು. ರೆಕಾರ್ಡ್ ಮಾಡಿ ಕೇಳಿದರೆ ಅದೇ ಪಾಪ್ ಹಾಡು, ಗಿಟಾರ್ ಮಾತ್ರ ಗೊರಗೊರ.

ಡಿಸ್ಟಾರ್ಷನ್ (ಗಿಟಾರ್ ದನಿಯನ್ನು ಒರಟಾಗಿಸುವ ಎಫೆಕ್ಟ್) ಜಾಸ್ತಿ ಮಾಡಿದೆ, ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳು) ಕಲಸಿಹೋದವು. ವೇಗ 140ಕ್ಕೆ ಏರಿಸಿದೆ, ಟೇಪನ್ನು ಸುಮ್ನೆ ಜೋರಾಗಿ ಓಡಿಸಿದ ಹಾಗಿತ್ತು. ಕಿರುಚಿ ಹಾಡಿದ್ದೂ ದಂಡ.

ಕೊನೆಗೆ ಗಿಟಾರ್ ಪಕ್ಕಕ್ಕಿಟ್ಟು ಡ್ರಮ್ಸ್‌ನಿಂದ ಶುರು ಮಾಡಿದೆ. ಮೆಟ್ರೋನೋಮ್ (ತಾಳ ತೋರಿಸುವ ಸಾಧನ) 184ಕ್ಕೆ. ಸ್ನೇರ್ (ಚಟ್ ಎನ್ನುವ ಡ್ರಮ್) 2 ಮತ್ತು 4ನೇ ಬೀಟ್‌ಗೆ. ಆಮೇಲೆ ಬೇಸ್ ಗಿಟಾರ್: ಪಿಕ್ (ತಂತಿ ಮೀಟುವ ಬಿಲ್ಲೆ) ಹಿಡಿದು, ಬೀಟ್‌ಗೆ ಎರಡರಂತೆ, ಬರೀ ಕಾರ್ಡ್‌ನ ಮೂಲ ಸ್ವರ.

ಗಿಟಾರ್ ಕೊನೆಗೆ. ಗುಟ್ಟು ಇರುವುದು ಇಲ್ಲೇ. ಪೂರ್ತಿ ಕಾರ್ಡ್ ಬೇಡ, ಪವರ್ ಕಾರ್ಡ್ ಸಾಕು, ಅಂದರೆ ಮೂಲ ಸ್ವರ ಮತ್ತು ಐದನೆಯದು. ಮೂರನೆಯ ಸ್ವರ ಬಿಟ್ಟರೆ ಪಾಪ್‌ನ ಸಿಹಿಯೂ ಹೋಗುತ್ತದೆ, ಡಿಸ್ಟಾರ್ಷನ್‌ನಲ್ಲಿ ಕಲಸುವುದೂ ನಿಲ್ಲುತ್ತದೆ. ಎಲ್ಲವೂ ಡೌನ್‌ಸ್ಟ್ರೋಕ್, ಅಂದರೆ ಮೇಲಿಂದ ಕೆಳಕ್ಕಷ್ಟೇ ಮೀಟುವುದು (ಮಣಿಕಟ್ಟು ನೋಯುತ್ತದೆ, ಬೇರೆ ದಾರಿಯಿಲ್ಲ). ಗೇನ್ (ಡಿಸ್ಟಾರ್ಷನ್ ಎಷ್ಟೆಂದು ನಿರ್ಧರಿಸುವ ಗುಂಡಿ) 9ರಿಂದ 6ಕ್ಕೆ ಇಳಿಸಿ, ಮಿಡ್ (ನಡು ಶ್ರುತಿಯ ದನಿ) 7ಕ್ಕೆ ಏರಿಸಿದೆ. ಅದೇ ಭಾಗವನ್ನು ಎರಡು ಸಲ ನುಡಿಸಿ ಒಂದನ್ನು ಪೂರ್ತಿ ಎಡ ಸ್ಪೀಕರ್‌ಗೆ, ಇನ್ನೊಂದನ್ನು ಬಲಕ್ಕೆ ಹಾಕಿದೆ. ಕಾಪಿ-ಪೇಸ್ಟ್ ಮಾಡಿದರೆ ದನಿಗೆ ಆ ಅಗಲ ಬರುವುದಿಲ್ಲ.

ಹಾಡಿನ ಟ್ಯೂನ್ ಮುಟ್ಟಲಿಲ್ಲ. ಎಳೆದು ಹಾಡುವ ಕಡೆಗಳನ್ನು ಮಾತ್ರ ಕತ್ತರಿಸಿದೆ, ರಿವರ್ಬ್ (ದನಿಯ ಪ್ರತಿಧ್ವನಿ) ತೆಗೆದೆ. 3:40 ಇದ್ದ ಹಾಡು 1:55ಕ್ಕೆ ಮುಗಿಯಿತು.