ಕಂಪ್ಯೂಟರ್‌ನಲ್ಲಿ ಹಲ್ಲಿನ ಕ್ಯಾಪ್: ಸ್ಕ್ಯಾನ್‌ನಿಂದ ಸಿಮೆಂಟ್‌ವರೆಗೆ

ರೂಟ್ ಕೆನಾಲ್ ಮುಗಿಯಿತು, ಇನ್ನು ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಬೇಕು. ಮೊದಲಾದರೆ ಹಲ್ಲಿನ ಅಳತೆಗೆಂದು ಟ್ರೇ ತುಂಬ ಮೆತ್ತನೆ ಪುಟ್ಟಿ ಹಾಕಿ ಬಾಯಿಗೆ ಒತ್ತುತ್ತಿದ್ದರು. ಗಂಟಲವರೆಗೂ ಹೋಗಿ ವಾಕರಿಕೆ ಬರುತ್ತಿತ್ತು. ಈಗ ಎಷ್ಟೋ ಕ್ಲಿನಿಕ್‌ಗಳಲ್ಲಿ ಕ್ಯಾಮೆರಾ ಬಂದಿದೆ. ಬಾಯಲ್ಲಿ ಸ್ಕ್ಯಾನ್, ಪರದೆ ಮೇಲೆ ಡಿಸೈನ್, ಮೆಷಿನ್‌ನಲ್ಲಿ ಕೆತ್ತನೆ.

ಇದು ನಿನ್ನೆ ಮೊನ್ನೆಯದಲ್ಲ. ಜ್ಯೂರಿಕ್ ವಿಶ್ವವಿದ್ಯಾಲಯದ ದಂತವೈದ್ಯ ವರ್ನರ್ ಮೋರ್ಮನ್, ಎಂಜಿನಿಯರ್ ಮಾರ್ಕೊ ಬ್ರಾಂಡೆಸ್ಟಿನಿ ಇಬ್ಬರೂ ಸೇರಿ ಸೆರೆಕ್ ಎಂಬ ಯಂತ್ರ ಮಾಡಿದರು. 1985ರಲ್ಲಿ ರೋಗಿ ಕುರ್ಚಿಯಲ್ಲಿ ಇರುವಾಗಲೇ ಪಿಂಗಾಣಿಯ ತುಂಡು ಕೆತ್ತಿ ಹಲ್ಲಿಗೆ ಕೂರಿಸಿದರು. ಅದಕ್ಕೂ ಮುಂಚೆ, 1970ರ ದಶಕದಲ್ಲೇ, ಫ್ರಾನ್ಸ್‌ನ ಫ್ರಾಂಸ್ವಾ ದ್ಯುರೆ ಬೆಳಕಿನಿಂದ ಹಲ್ಲಿನ ಅಳತೆ ತೆಗೆಯುವ ಬಗ್ಗೆ ಕೆಲಸ ಮಾಡಿದ್ದರು.

ಮೊದಲು ಬಣ್ಣ, ಆಮೇಲೆ ಡ್ರಿಲ್

ಬಣ್ಣ ನೋಡುವ ಕೆಲಸ ಹಲ್ಲು ತೇಯುವುದಕ್ಕೆ ಮುಂಚೆಯೇ ಆಗಬೇಕು. ತುಂಬಾ ಹೊತ್ತು ಬಾಯಿ ತೆರೆದಿದ್ದರೆ ಹಲ್ಲು ಒಣಗಿ, ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಆಗ ಆರಿಸಿದ ಬಣ್ಣ ಆಮೇಲೆ ಪಕ್ಕದ ಹಲ್ಲಿಗೆ ಹೊಂದುವುದಿಲ್ಲ. ಸಾಲಾಗಿ ಜೋಡಿಸಿದ ಮಾದರಿ ಹಲ್ಲುಗಳ ಪಟ್ಟಿ ಹಿಡಿದು ಎ1, ಎ2, ಎ3 ಅಂತ ಹೋಲಿಸುತ್ತಾರೆ. ಕಿಟಕಿ ಬೆಳಕಲ್ಲಿ ನೋಡಿ ಅನ್ನಿ. ಲಿಪ್‌ಸ್ಟಿಕ್ ಇದ್ದರೆ ಒರೆಸಿಕೊಳ್ಳಿ.

ಹಲ್ಲು ತೇಯುವುದು

ಕ್ಯಾಪ್ ಚೆನ್ನಾಗಿ ಕೂರುತ್ತದೋ ಇಲ್ಲವೋ ಎನ್ನುವುದು ಹೆಚ್ಚಾಗಿ ತೀರ್ಮಾನವಾಗುವುದು ಇಲ್ಲೇ. ಕೆತ್ತುವ ಮೆಷಿನ್‌ನಲ್ಲಿ ತಿರುಗುವ ಸಣ್ಣ ಉಳಿಯಂಥ ಬರ್‌ನ ತುದಿ ಸುಮಾರು 1 ಮಿಲಿಮೀಟರ್ ದಪ್ಪ. ಹಲ್ಲಿನ ಮೇಲೆ ಅದಕ್ಕಿಂತ ಸಣ್ಣ ಚೂಪು ಅಂಚು ಉಳಿದಿದ್ದರೆ, ಅದಕ್ಕೆ ತಕ್ಕ ಸಂದನ್ನು ಕ್ಯಾಪ್ ಒಳಗೆ ಆ ಬರ್ ಕೆತ್ತಲಾರದು. ಆಗ ಸಾಫ್ಟ್‌ವೇರ್ ಏನು ಮಾಡುತ್ತದೆ ಗೊತ್ತಾ? ಅಲ್ಲಿ ಜಾಸ್ತಿ ಜಾಗ ಬಿಟ್ಟು ಕೆತ್ತಿಸುತ್ತದೆ. ಕ್ಯಾಪ್ ಸಡಿಲ. ಅದಕ್ಕೇ ಒಳ್ಳೆ ಡಾಕ್ಟರು ಮೂಲೆಗಳನ್ನೆಲ್ಲ ನುಣ್ಣಗೆ, ಗುಂಡಗೆ ಮಾಡುತ್ತಾರೆ. ಹತ್ತು ನಿಮಿಷ ಹೆಚ್ಚು ತಗೊಂಡರೆ ಸುಮ್ನೆ ಕೂತಿರಿ. ಯಾವ ಕಂಪ್ಯೂಟರೂ ಕೆಟ್ಟದಾಗಿ ತೇಯ್ದ ಹಲ್ಲನ್ನು ಸರಿ ಮಾಡುವುದಿಲ್ಲ.

ಸ್ಕ್ಯಾನ್

ಒಸಡಿನ ಸಂದಿಗೆ ತೆಳ್ಳನೆ ದಾರ ತುರುಕುತ್ತಾರೆ. ಒಸಡು ಸ್ವಲ್ಪ ಸರಿದು ತೇಯ್ದ ಅಂಚು ಕಾಣಲಿ ಅಂತ. ದಪ್ಪ ಪೆನ್ನಿನಂಥ ಸ್ಕ್ಯಾನರ್ ಒಂದರ ಹಿಂದೊಂದು ಚಿತ್ರ ತೆಗೆದು ಜೋಡಿಸುತ್ತಾ ಹೋಗುತ್ತದೆ. ಮೇಲಿನ ಸಾಲು, ಕೆಳಗಿನ ಸಾಲು, ಕೊನೆಗೆ ಹಲ್ಲು ಕಚ್ಚಿಸಿ ಪಕ್ಕದಿಂದ ಒಂದು. ಕ್ಯಾಮೆರಾಗೆ ಕಂಡದ್ದಷ್ಟೇ ಅಳತೆ. ಅಂಚಿನ ಮೇಲೆ ಒಂದು ಹನಿ ಜೊಲ್ಲು ಅಥವಾ ರಕ್ತ ನಿಂತರೂ ಅಲ್ಲಿ ಚಿತ್ರ ಮಸುಕು. ಪರದೆ ನಿಮಗೂ ಕಾಣುವ ಹಾಗಿದ್ದರೆ ಅಂಚಿನ ಗೆರೆ ಸುತ್ತಲೂ ಸ್ಪಷ್ಟವಾಗಿದೆಯಾ ನೋಡಿ. ಅಂಚು ಒಸಡಿನ ಒಳಗೆ ತುಂಬಾ ಆಳದಲ್ಲಿದ್ದರೆ ಕೆಲವು ಡಾಕ್ಟರು ಈಗಲೂ ಪುಟ್ಟಿಯೇ ಬಳಸುತ್ತಾರೆ. ಅವರನ್ನು ಹಳೇ ಕಾಲದವರು ಅಂತ ತಳ್ಳಿಹಾಕಬೇಡಿ.

ಡಿಸೈನ್

ಟೆಕ್ನಿಷಿಯನ್ ಆ ಅಂಚಿನ ಗೆರೆಯನ್ನು ಗುರುತು ಮಾಡುತ್ತಾರೆ. ಸಾಫ್ಟ್‌ವೇರ್ ತನ್ನ ಸಂಗ್ರಹದಿಂದ ಒಂದು ಹಲ್ಲಿನ ಆಕಾರ ತಂದು ಕೂರಿಸುತ್ತದೆ. ಅದು ಬರೀ ಸಲಹೆ. ಪಕ್ಕದ ಹಲ್ಲಿಗೆ ಎಷ್ಟು ತಾಗಬೇಕು, ಎದುರು ಹಲ್ಲು ಎಲ್ಲಿ ಕಚ್ಚಬೇಕು ಎಂಬುದನ್ನು ಮನುಷ್ಯರೇ ತಿದ್ದಬೇಕು. ಕ್ಯಾಪ್ ಅಂಟಿಸುವ ಸಿಮೆಂಟ್‌ಗೆಂದು ಒಳಗೆ ಕೂದಲೆಳೆಯಷ್ಟು, ಸುಮಾರು 50ರಿಂದ 80 ಮೈಕ್ರಾನ್, ಜಾಗ ಬಿಡುತ್ತಾರೆ.

ಕೆತ್ತನೆ ಮತ್ತು ಕುಲುಮೆ

ಕ್ಯಾಪ್ ಕೆತ್ತುವ ಒಂದು ವಸ್ತು ಜಿರ್ಕೋನಿಯಾ, ಪಿಂಗಾಣಿಯಂಥದ್ದು. ಇದರ ಬಿಲ್ಲೆ ಮೊದಲು ಸೀಮೆಸುಣ್ಣದಷ್ಟು ಮೆತ್ತಗಿರುತ್ತದೆ. ಕೆತ್ತಿದ ಕ್ಯಾಪ್ ಕೈಗೆ ತಗೊಂಡರೆ ಹಲ್ಲಿಗಿಂತ ಎದ್ದು ಕಾಣುವಷ್ಟು ದೊಡ್ಡದು. ಅಳತೆ ತಪ್ಪಿದ್ದಲ್ಲ, ಬೇಕಂತಲೇ ಹಾಗೆ. ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಬೆಂದಾಗ ಅದು ಶೇ 20ರಷ್ಟು ಕುಗ್ಗಿ ಸರಿಯಾದ ಅಳತೆಗೆ ಬರುತ್ತದೆ, ಗಟ್ಟಿಯೂ ಆಗುತ್ತದೆ. ಕುಗ್ಗುವ ಲೆಕ್ಕ ಬಿಲ್ಲೆಯಿಂದ ಬಿಲ್ಲೆಗೆ ಸ್ವಲ್ಪ ಬೇರೆ. ಅದಕ್ಕೇ ಪ್ರತಿ ಬಿಲ್ಲೆ ಮೇಲೂ ಒಂದು ಸಂಖ್ಯೆ ಇರುತ್ತದೆ. ಅದನ್ನು ಕಂಪ್ಯೂಟರ್‌ಗೆ ತಪ್ಪಾಗಿ ಹಾಕಿದರೆ ಕ್ಯಾಪ್ ಬಿಗಿಯಾಗುತ್ತದೆ, ಇಲ್ಲವೇ ಅಲ್ಲಾಡುತ್ತದೆ.

ಇನ್ನೊಂದು ವಸ್ತು ಲಿಥಿಯಂ ಡೈಸಿಲಿಕೇಟ್, ಗಾಜಿನಂಥ ಪಿಂಗಾಣಿ. ಕೆತ್ತುವಾಗ ಇದು ನೀಲಿ ನೇರಳೆ. ಹಾಗೇ ತಂದು ಬಾಯಲ್ಲಿಟ್ಟು ನೋಡಿದರೆ ಗಾಬರಿಯಾಗಬೇಡಿ. ಸುಮಾರು 850 ಡಿಗ್ರಿಯಲ್ಲಿ ಬೆಂದ ಮೇಲೆ ಹಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಮುಂದಿನ ಹಲ್ಲಿಗೆ ಇದು ಚೆಂದ. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇರುವವರ ದವಡೆಗೆ ನನ್ನ ಮತ ಜಿರ್ಕೋನಿಯಾಕ್ಕೇ.

ಕೂರಿಸುವುದು

ಸಿಮೆಂಟ್ ಹಾಕುವ ಮುಂಚೆ ಒಮ್ಮೆ ಹಾಗೇ ಇಟ್ಟು ನೋಡುತ್ತಾರೆ. ಪಕ್ಕದಲ್ಲಿ ಫ್ಲಾಸ್ ದಾರ ಟಕ್ ಅಂತ ಇಳಿಯಬೇಕು. ಸಲೀಸಾಗಿ ಜಾರಿದರೆ ಮುಂದೆ ಊಟದ ಚೂರೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಿದ್ದರೆ ಲ್ಯಾಬಿಗೆ ವಾಪಸ್ ಕಳಿಸಲು ಹೇಳಿ, ಸಂಕೋಚ ಬೇಡ. ಆಮೇಲೆ ಬಣ್ಣದ ಕಾಗದ ಕಚ್ಚಿಸಿ ಎತ್ತರ ನೋಡುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೆ ನಿಮ್ಮ ಅಂದಾಜು ನಂಬುವಂಥದ್ದಲ್ಲ, ಅದನ್ನು ನೆನಪಿಸಿ. ಎತ್ತರ ಇದ್ದು ತೇಯ್ದರೆ ಆ ಜಾಗಕ್ಕೆ ಪಾಲಿಶ್ ಆಗಲೇಬೇಕು. ಒರಟು ಜಿರ್ಕೋನಿಯಾ ಎದುರು ಹಲ್ಲನ್ನು ಸವೆಸುತ್ತದೆ.

ಬಾಯಲ್ಲಿ ಇಟ್ಟು ತೆಗೆದ ಕ್ಯಾಪ್ ಒಳಗೆ ಜೊಲ್ಲು ಅಂಟಿರುತ್ತದೆ. ಅದು ಹೋಗದಿದ್ದರೆ ಸಿಮೆಂಟ್ ಹಿಡಿತ ಕಮ್ಮಿ. ಅದಕ್ಕೆ ಮತ್ತೆ ಶುಚಿ ಮಾಡುತ್ತಾರೆ. ಅಂಟಿಸಿದ ಮೇಲೆ ಹೊರಗೆ ಉಕ್ಕಿದ ಸಿಮೆಂಟನ್ನು ಪೂರ್ತಿ ಕೆರೆದು ತೆಗೆದರಾ ಕೇಳಿ. ಒಸಡಿನ ಕೆಳಗೆ ಚೂರು ಉಳಿದರೂ ಊತ ಬರುತ್ತದೆ.

ಮನೆಗೆ ಹೊರಡುವ ಮುಂಚೆ ಯಾವ ವಸ್ತು, ಯಾವ ಬಣ್ಣ ಎಂದು ಬರೆಸಿಕೊಳ್ಳಿ, ಡಿಸೈನ್ ಫೈಲ್ ಇಟ್ಟಿರಲು ಹೇಳಿ. ಕ್ಯಾಪ್ ಒಡೆದರೂ ಒಳಗಿನ ಹಲ್ಲು ಹಾಗೇ ಇದ್ದರೆ ಅದೇ ಫೈಲಿನಿಂದ ಇನ್ನೊಂದು ಕೆತ್ತಿಸಬಹುದು. ಮಾರನೇ ದಿನವೂ ಕಚ್ಚುವಾಗ ಆ ಹಲ್ಲೇ ಮೊದಲು ತಾಗುತ್ತಿದ್ದರೆ 'ಅಭ್ಯಾಸ ಆಗುತ್ತೆ' ಅಂತ ಕಾಯಬೇಡಿ, ಫೋನ್ ಮಾಡಿ ಹೋಗಿ. ಎತ್ತರ ತಗ್ಗಿಸುವುದು ಸಾಮಾನ್ಯವಾಗಿ ಸ್ವಲ್ಪ ಹೊತ್ತಿನ ಕೆಲಸ.