ಎಂಟು ಸೆಕೆಂಡಿನ ಕೆಲಸ

ನನ್ನ ಎತ್ತರ ಐದು ಅಡಿ ಎಂಟು ಇಂಚು. ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದೆ ಅಂದರೆ ಜನ ಈಗಲೂ ಒಂದ್ಸಲ ಮೇಲಿಂದ ಕೆಳಗೆ ನೋಡುತ್ತಾರೆ. ದುಡ್ಡು ತಗೊಂಡು ಆಡಿದ್ದೇನೆ ಅಂದರಂತೂ ನಂಬುವುದೇ ಇಲ್ಲ.

ಶುರುವಾಗಿದ್ದು ಮಂಡ್ಯದ ಸಿಮೆಂಟ್ ಕೋರ್ಟ್‌ನಲ್ಲಿ. ಬೆಳಿಗ್ಗೆ ಮೊದಲು ಪೊರಕೆ ಹಿಡಿದು ಧೂಳು ಗುಡಿಸಬೇಕಿತ್ತು, ಆಮೇಲೆ ಆಟ. ನನ್ನ ಎಡಗೈ ಯಾವ ಕೆಲಸಕ್ಕೂ ಬಾರದ ಕೈ. ಕೋಚ್ ಸರ್ ಒಂದು ತಿಂಗಳು ಬಲಗೈಯನ್ನು ಚಡ್ಡಿ ಜೇಬಿಂದ ಆಚೆ ತೆಗೆಯಲು ಬಿಡಲಿಲ್ಲ. ‘ಲೇ, ಬಾಲ್ ದಾಟ್ಸಕ್ಕೆ ಬರ್ಲಿಲ್ಲ ಅಂದ್ರೆ ನೀನು ಗಾರ್ಡ್ ಅಲ್ಲ ಕಣೋ, ಟಿಕೆಟ್ ಇಲ್ದೆ ಒಳಗೆ ಬಂದೋನು’ ಅನ್ನುತ್ತಿದ್ದರು. ಗಾರ್ಡ್ ಅಂದರೆ ಚೆಂಡನ್ನು ಮುಂದಕ್ಕೆ ಒಯ್ಯುವ ಆಟಗಾರ.

ದಾಟಿಸುವುದು ಅಂದರೆ, ಚೆಂಡು ಕೈಗೆ ಬಂದ ಎಂಟು ಸೆಕೆಂಡಿನೊಳಗೆ ಮಧ್ಯದ ಗೆರೆ ಆಚೆ ಒಯ್ಯಬೇಕು. ಕೋರ್ಟ್ ಇಡೀ 28 ಮೀಟರ್, ಅದರಲ್ಲಿ ಅರ್ಧ. ಓಡಿದರೆ ಮೂರೇ ಸೆಕೆಂಡು. ಆದರೆ ಎದುರಿಗೆ ಒಬ್ಬ ಮೈಗೆ ಅಂಟಿಕೊಂಡು ನಿಂತಿರುತ್ತಾನಲ್ಲ, ತೊಂದರೆ ಅಲ್ಲಿ.

ಸ್ಪೋರ್ಟ್ಸ್ ಹಾಸ್ಟೆಲ್, ಯೂನಿವರ್ಸಿಟಿ ತಂಡ, ಸ್ಪೋರ್ಟ್ಸ್ ಕೋಟಾದಲ್ಲಿ ಗುಮಾಸ್ತನ ಕೆಲಸ. ನಮ್ಮಲ್ಲಿ ಆಟಗಾರನ ದಾರಿ ಹೆಚ್ಚುಕಡಿಮೆ ಇಷ್ಟೇ. ಬೆಳಿಗ್ಗೆ ಪ್ರಾಕ್ಟೀಸ್, ಆಮೇಲೆ ಲೆಡ್ಜರ್. 2015ರಲ್ಲಿ ಯುಬಿಎ ಅನ್ನೋ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಶುರುವಾದಾಗ, ಆಟವೇ ಸಂಬಳ ಆಗಬಹುದು ಅಂತ ಮೊದಲ ಸಲ ಅನಿಸಿತು. ನನಗೆ ಅವಕಾಶ ಸಿಕ್ಕಿದ್ದು 2017ರಲ್ಲಿ, ಬೆಂಚ್ ಗಾರ್ಡ್ ಆಗಿ. ಆಫೀಸಿನಲ್ಲಿ ರಜೆ ಕೇಳಿದರೆ ‘ಅದು ನಮ್ಮ ಟೂರ್ನಮೆಂಟ್ ಅಲ್ವಲ್ಲಪ್ಪ’ ಅಂದರು. ಸಂಬಳ ಇಲ್ಲದ ರಜೆ ಹಾಕಿ ಹೋದೆ. ಲೀಗ್ ಕೊಟ್ಟ ದುಡ್ಡೂ ಕೈಬಿಟ್ಟ ಸಂಬಳವೂ ಸರಿಸುಮಾರು ಸಮ. ಅಮ್ಮನಿಗೆ ಇದನ್ನು ಹೇಳಿಲ್ಲ.

ಹೋದ ಮೇಲೆ ಗೊತ್ತಾಯಿತು, ಇಂಥ ಲೀಗಿನಲ್ಲಿ ಲೋಕಲ್ ಗಾರ್ಡ್ ಪಾಡು ಏನು ಅಂತ. ಅಮೆರಿಕದಿಂದ ಬಂದ ಆಟಗಾರರ ಕೈಗೇ ಚೆಂಡು ಹೋಗುತ್ತೆ. ಅವರು ಪಂದ್ಯಕ್ಕೆ ನಲವತ್ತು, ಐವತ್ತು ಪಾಯಿಂಟ್ ಹೊಡೆಯುವವರು, ತಪ್ಪೇನಿಲ್ಲ ಬಿಡಿ. ನಾನು ಮೂಲೆಯಲ್ಲಿ ನಿಂತು ಕಾಯಬೇಕು. ಅವರು ಉಸಿರು ತಗೊಳ್ಳೋಕೆ ಕೂತಾಗ ನಾಲ್ಕೈದು ನಿಮಿಷ ನನ್ನದು. ಅಷ್ಟರಲ್ಲಿ ಚೆಂಡು ಕಳಕೊಳ್ಳಬಾರದು. ನನ್ನನ್ನು ತಗೊಂಡಿದ್ದೇ ಅದಕ್ಕೆ.

ಮೊದಲ ಪಂದ್ಯದಲ್ಲೇ ಕಳಕೊಂಡೆ. ಗೆರೆ ದಾಟಿದ ಖುಷಿಯಲ್ಲಿ ಸೈಡ್‌ಲೈನ್ ಪಕ್ಕ ಒಂದು ಕ್ಷಣ ನಿಂತೆ ನೋಡಿ. ಪಕ್ಕದಲ್ಲಿ ಸೈಡ್‌ಲೈನ್, ಹಿಂದೆ ಮಧ್ಯದ ಗೆರೆ, ಎದುರಿಗೆ ಇಬ್ಬರು. ಆ ಗೆರೆ ದಾಟಿ ಹಿಂದೆ ಹೋದರೆ ವಯೊಲೇಶನ್, ಅಂದರೆ ನಿಯಮಭಂಗ. ಗಾಬರಿಯಲ್ಲಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದುಬಿಟ್ಟೆ. ಹಿಡಿದರೆ ಮತ್ತೆ ಡ್ರಿಬಲ್ ಮಾಡುವ, ಅಂದರೆ ನೆಲಕ್ಕೆ ಪುಟಿಸುತ್ತ ಸಾಗುವ ಹಾಗಿಲ್ಲ. ತಲೆ ಮೇಲಿಂದ ಎಸೆದ ಪಾಸ್ ಸೀದಾ ಎದುರಾಳಿ ಕೈಗೆ, ಅಲ್ಲಿಂದ ಬುಟ್ಟಿಗೆ. ಒಂದೂವರೆ ನಿಮಿಷದಲ್ಲಿ ವಾಪಸ್ ಬೆಂಚಿಗೆ.

ಆ ರಾತ್ರಿ ರೂಮಿನಲ್ಲಿ ವಿಡಿಯೊ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಆಮೇಲೆ ಮೂರು ವಿಷಯ ರೂಢಿ ಮಾಡಿಕೊಂಡೆ. ಗೆರೆಯನ್ನು ಕೋರ್ಟಿನ ನಡುವೆಯೇ ದಾಟುವುದು, ಅಂಚಿಗೆ ಹೋಗದಿರುವುದು. ಎರಡನೆಯವನು ಬರುವುದು ಕಂಡ ಕೂಡಲೇ ಜಾಗ ಇದ್ದರೆ ಎರಡು ಡ್ರಿಬಲ್ ಹಿಂದಕ್ಕೆ ಹೋಗುವುದು, ಮುಂದಕ್ಕೆ ನುಗ್ಗದಿರುವುದು. ಹಿಂದೆ ಸರಿದಾಗ ಇಬ್ಬರೂ ಮುಂದೆ ಬರುತ್ತಾರೆ, ನಡುವೆ ಬಿರುಕು ಬಿಡುತ್ತೆ. ಆಗ ಎಡಗೈಗೆ ಚೆಂಡು ಹಾಕಿ ಆ ಸಂದಿನಲ್ಲಿ ನುಸುಳಬಹುದು, ಇಲ್ಲವೇ ನಡುವೆ ನಿಂತ ನಮ್ಮವನಿಗೆ ಕೊಡಬಹುದು. ಮೂರನೆಯದು, ಏನೇ ಆದರೂ ಚೆಂಡು ಕೈಗೆತ್ತಿಕೊಳ್ಳದಿರುವುದು. ಉಳಿದ ಪಂದ್ಯಗಳಲ್ಲಿ ನನ್ನ ಹೆಸರಿನ ಮುಂದೆ ಪಾಯಿಂಟ್ ಜಾಸ್ತಿ ಬೀಳಲಿಲ್ಲ. ಆದರೆ ನಿಮಿಷಗಳು ಏರಿದವು.

ಆ ಲೀಗ್ ಅದೇ ವರ್ಷ ನಿಂತುಹೋಯಿತು. ಆಮೇಲೆ ಕೆಲವು ಸಲ ತಂಡಕ್ಕೆ ಮೂರೇ ಜನರ ಆಟ ಆಡಿದೆ. ಅದರಲ್ಲಿ 10 ನಿಮಿಷ ಅಥವಾ 21 ಪಾಯಿಂಟ್‌ಗೆ ಆಟ ಮುಗಿಯುತ್ತೆ, ಶಾಟ್‌ಗೆ ಬರೀ 12 ಸೆಕೆಂಡು. ಅರ್ಧ ಕೋರ್ಟ್ ಆಟ, ದಾಟಿಸೋಕೆ ಮಧ್ಯದ ಗೆರೆಯೇ ಇಲ್ಲ! ನನಗೆ ಬರುತ್ತಿದ್ದ ಒಂದೇ ಕೆಲಸ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಮೇಲೆ ಬಲ ಮೊಣಕಾಲು ಊದಿಕೊಂಡಿತು. ಬಿಟ್ಟೆ.

ಈಗ ಭಾನುವಾರ ಮಾತ್ರ ಆಟ. ಮೊನ್ನೆ ಇಬ್ಬರು ಕಾಲೇಜು ಹುಡುಗರು ಗೆರೆ ಹತ್ತಿರ ಒಟ್ಟಿಗೆ ಮೈಮೇಲೆ ಬಂದರು. ಎರಡು ಡ್ರಿಬಲ್ ಹಿಂದಕ್ಕೆ ಹೋದೆ, ಸಂದು ಬಿಟ್ಟಿತು. ಎಡಗೈ ಅದರೊಳಗೆ ಹೋಯಿತು. ಮೊಣಕಾಲು ಹೋಗಲಿಲ್ಲ.